ರಬ್ಬರಿನಿಂದ ಉಜ್ಜಿದ ಕ್ಯಾಟಲಾಗ್‌ಗಳು

ಮಾರ್ಚ್ ೧೪. ಕ್ಯಾಟಲಾಗ್‌ಗಳು ನಲವತ್ತೊಂದು.

ಅಳಿಯಂದಿರೇ,

ನಿಮ್ಮ ಆಸ್ತಿಯನ್ನು ಊಟದ ಮೇಜಿನಿಂದ ಎತ್ತಿ ಮಂಚದ ಕೆಳಗೆ ಇಟ್ಟಿದ್ದೇನೆ. ಕಾಮಿಕ್ಸ್ ಆಗಿದ್ದರೆ ಮಕ್ಕಳಾದರೂ ಓದುತ್ತಿದ್ದರು. ಯಾವ ತಿಂಗಳು ಯಾವ ಕಾಮಿಕ್ಸ್ ಬರುತ್ತದೆಂದು ಪ್ರಕಾಶಕರು ಹಿಂದೆ ಅಂಗಡಿಯವರಿಗೆ ಕಳುಹಿಸುತ್ತಿದ್ದ ಬರೀ ಪಟ್ಟಿಗಳನ್ನು ಕೊಂಡ ನೀವು, ಹೋಟೆಲಿನ ದರಪಟ್ಟಿ ನೆಕ್ಕಿ ಹೊಟ್ಟೆ ತುಂಬಿತೆನ್ನುವವರು.

ನಿನ್ನೆ ಹಳೆಯ ಪುಸ್ತಕದ ವ್ಯಾಪಾರಿಗೆ ಅವನ್ನು ತೋರಿಸಿದೆ. ಅವನು ಪುಟ ತಿರುವಿ, "ಯಜಮಾನ್ರೇ, ಯಾವ್ದು ಎಷ್ಟು ಬೇಕು ಅಂತ ಅಂಗಡಿಯೋನು ಪೆನ್ಸಿಲಲ್ಲಿ ಬರೆದಿರ್ತಾನಲ್ಲ, ಬೆಲೆ ಇರೋದು ಅದಕ್ಕೇ. ಅದನ್ನ ಯಾವ ಪುಣ್ಯಾತ್ಮ ಉಜ್ಜಿ ತೆಗೆದ?" ಎಂದ. ಚೊಕ್ಕಟ ಮಾಡುತ್ತೇನೆಂದು ವಾರವೆಲ್ಲ ರಬ್ಬರ್ ಹಿಡಿದು ಕುಳಿತಿದ್ದ ಪುಣ್ಯಾತ್ಮರು ನಮ್ಮ ಅಳಿಯಂದಿರೇ ಎನ್ನದೆ, ಕಟ್ಟನ್ನು ಎತ್ತಿಕೊಂಡು ಮನೆಗೆ ಬಂದೆ.

ಈಗ ಅವು ತೂಕಕ್ಕೆ ಹೋಗುವ ಕಾಗದ. ಸಂಜೆ ರದ್ದಿಯವನು ಬರುತ್ತಾನೆ. ಕೊಟ್ಟುಬಿಡಿ, ಚೌಕಾಸಿ ಮಾಡಿ ಇದ್ದ ಮಾನವನ್ನೂ ಕಳೆಯಬೇಡಿ.

ಇವನ್ನು ಕೊಳ್ಳಲು ನೀವು ನನ್ನ ಮಗಳ ಹೊಲಿಗೆ ಯಂತ್ರವನ್ನು ಅಡವಿಟ್ಟು, ರಿಪೇರಿಗೆ ಹೋಗಿದೆಯೆಂದು ಅವಳನ್ನು ನಂಬಿಸಿದ್ದೀರಿ. ಅದನ್ನು ಬಿಡಿಸಿ ತರಲು ಹೊರಟಿದ್ದೇನೆ. ಆ ಹಣವನ್ನು ನನಗೆ ಹಿಂದಿರುಗಿಸಬೇಕಿಲ್ಲ. ಆದರೆ ಯಂತ್ರ ಎಲ್ಲಿತ್ತೆಂಬುದನ್ನು ನಾನು ಬರುವಷ್ಟರಲ್ಲಿ ನೀವೇ ಅವಳಿಗೆ ಹೇಳಿರಬೇಕು. ಆ ಬಾಕಿಯನ್ನು ನಿಮ್ಮ ಪರವಾಗಿ ನಾನು ತೀರಿಸಲಾರೆ.