ಪೇತ್ರನ ಅತ್ತೆ

ಅಪ್ಪಾ,

"ಯೇಸುವಿನ ಶಿಷ್ಯ ಪೇತ್ರನಿಗೆ ಅತ್ತೆ ಇದ್ದಳು ಅಂತ ಬೈಬಲ್ಲಿನಲ್ಲಿ ಬರೆದಿದೆ. ಹೆಂಡತಿ ಇದ್ದಳು ಅಂತ ಬೇರೆ ಬರೀಬೇಕಾ?" ಅಂತಿದ್ರಿ. ಹಾಗೇ ವಚನಕ್ಕೆ ವಚನ ಗಂಟು ಹಾಕಿ, ಎಲ್ಲೂ ಬರೆಯದ ನಿಯಮವೊಂದನ್ನು ಹೊರಡಿಸಿ, ಸಭೆಗೆ ಸೇರದವನನ್ನು ಮದುವೆಯಾದ ನನ್ನನ್ನು, ಹಿರಿಯರಾಗಿದ್ದ ನೀವೇ, ರೊಟ್ಟಿ ಮುರಿದು ಹಂಚುವ ಕರ್ತನ ಮೇಜಿನಿಂದ ಎಬ್ಬಿಸಿದಿರಿ.

ನಿಮ್ಮನ್ನು ಮಣ್ಣು ಮಾಡಿದ ಮೇಲೆ ಇವತ್ತು ಸಭೆಗೆ ಹೋಗಿದ್ದೆ. "ನಿಮ್ಮಪ್ಪ ಪ್ರತಿ ವಾರ ಒಂದು ರೊಟ್ಟಿತುಂಡು ಹೆಚ್ಚಿಗೆ ಮುರೀತಿದ್ರು ಕಣಮ್ಮ. ಯಾರಿಗೆ ಅಂತ ಹೇಳ್ಲೇ ಇಲ್ಲ. ನಾನೂ ಹಾಗೇ ಮಾಡ್ತೀನಿ," ಅಂದರು ಈಗಿನ ಹಿರಿಯರು.

ನನಗೇ ಇರಬಹುದು. ಆದರೆ 'ಇರಬಹುದು' ಅನ್ನೋದು ಸಾಲದು, 'ಇರಲೇಬೇಕು' ಅನ್ನುವಂತಿದ್ದರೆ ಮಾತ್ರ ದೇವರ ಮಾತು ಅಂತ ಕಲಿಸಿದವರು ನೀವು.

ತಟ್ಟೆಯಲ್ಲಿ ಉಳಿದ ಕೊನೆಯ ತುಂಡು ನನ್ನ ಮುಂದೆ ಬಂತು. ಮುಟ್ಟದೆ ವಾಪಸು ಕಳಿಸಿದೆ. ನಿಮ್ಮ ಮಗಳಲ್ಲವೇ ನಾನು.