ಹಾಸಿಗೆಯ ಎರಡು ತುದಿ

ಮಾನ್ಯ ಜಿಲ್ಲಾ ಕಚೇರಿಯ ಅಧಿಕಾರಿಗಳೇ, ಮಾನ್ಯ ನಗರಸಭೆಯ ಅಧಿಕಾರಿಗಳೇ,

ಈಗ ಸಂಜೆ ಐದೂವರೆ. ಬೆಳಿಗ್ಗೆ ಕಸದ ಗಾಡಿ ಬಂತು, ಹೋಯಿತು. ಮಧ್ಯಾಹ್ನ ನಿಮ್ಮ ನೋಟಿಸು ಬಂತು. ತೀರಿಹೋದ ನನ್ನ ಹೆಂಡತಿಯ ಹಾಸಿಗೆ ಮಾತ್ರ ಹತ್ತೊಂಬತ್ತು ದಿನದಿಂದ ಗೇಟಿನ ಹೊರಗೆ ಗೋಡೆಗೆ ಒರಗಿ ನಿಂತಿದೆ. ಅದನ್ನು ಒಯ್ಯುವುದು ನಿಮ್ಮಿಬ್ಬರಲ್ಲಿ ಯಾರ ಕೆಲಸ? ಬೇರೆ ಬೇರೆ ಕೇಳಿ ಸಾಕಾಗಿ ಇಬ್ಬರಿಗೂ ಒಂದೇ ಪತ್ರ ಬರೆಯುತ್ತಿದ್ದೇನೆ. ಇವತ್ತೇ ನಿಮ್ಮ ಎರಡೂ ಕಚೇರಿಯ ಪೆಟ್ಟಿಗೆಗೆ ಹಾಕುತ್ತೇನೆ. ಮೂರನೆಯ ಪ್ರತಿಯನ್ನು ಹಾಸಿಗೆಗೇ ಅಂಟಿಸುತ್ತೇನೆ, ಓಣಿಯವರೂ ಓದಲಿ.

ಬಾಗಿಲಿನ ಕಸ ನಗರಸಭೆಯದು, ದೊಡ್ಡ ಸಾಮಾನು ಜಿಲ್ಲೆಯದು ಎಂದು ನೀವು ಹಂಚಿಕೊಂಡಿದ್ದೀರಿ. ಗಾಡಿಯ ಹೆಂಗಸು, "ಯಜಮಾನ್ರೇ, ಬಕೆಟ್ಟಲ್ಲಿ ಹಿಡಿಯೋದಷ್ಟೇ ನಮ್ದು. ಇದನ್ನ ಹಾಕ್ಕೊಂಡ್ರೆ ನಾಳೆ ನನ್ನೇ ಹೊರಗೆ ಹಾಕ್ತಾರೆ" ಎಂದಳು. ಜಿಲ್ಲೆಯ ಲಾರಿಯವನು, "ಓಣಿ ನಗರಸಭೇದು, ನಾನು ಒಳಗೆ ಬರೋ ಹಾಗಿಲ್ಲ. ಸರ್ಕಲ್ಲಿಗೆ ತಂದಿಡಿ ಸ್ವಾಮಿ, ಹೂವಿನ ಹಾಗೆ ಎತ್ಕೊಂಡು ಹೋಗ್ತೀನಿ" ಎಂದ. ದೊಡ್ಡದೂ ಆಗಿದ್ದು ಬಾಗಿಲಲ್ಲೂ ಇರುವ ವಸ್ತುವೊಂದು ಲೋಕದಲ್ಲಿ ಇರಬಹುದೆಂದು ಈ ನಿಯಮ ಬರೆದವರಿಗೆ ಹೊಳೆಯಲಿಲ್ಲ. ಅವರ ಮನೆಗಳಲ್ಲಿ ಯಾರೂ ಸಾಯುವುದಿಲ್ಲವೇ?

ಸರ್ಕಲ್ಲಿಗೆ ಮುನ್ನೂರ ಹತ್ತು ಹೆಜ್ಜೆ. ಹತ್ತಿಯ ಹಾಸಿಗೆ ಒಬ್ಬನ ಕೈಗೆ ಬಗ್ಗುವುದಿಲ್ಲ. ಗೇಟಿನವರೆಗೆ ಎಳೆದು ತಂದದ್ದಕ್ಕೇ ಒಂದು ಮೂಲೆ ಹರಿಯಿತು. ಮೊದಲು ಬಿಸಿಲಿಗೆ ಹಾಕುವಾಗ ನನ್ನ ಹೆಂಡತಿ ತಲೆಯ ಕಡೆ ಹಿಡಿಯುತ್ತಿದ್ದಳು, ನಾನು ಕಾಲಿನ ಕಡೆ. "ನಿಮ್ಮ ಕಡೆ ನೆಲ ಗುಡಿಸ್ತಾ ಇದೆ. ನಾವು ಹೊರ್ತಿರೋದು ಹಾಸಿಗೇನಾ, ಪೊರಕೇನಾ?" ಎನ್ನುತ್ತಿದ್ದಳು. ಅಕ್ಕಪಕ್ಕದವರನ್ನು ಕರೆಯಬಾರದೇ ಎಂದು ನೀವು ಕೇಳಬಹುದು. ಕರೆದೆ. ಎಲ್ಲರಿಗೂ ಸೊಂಟ ನೋವು. ಕಾಯಿಲೆಯಿಂದ ಎರಡು ವರ್ಷ ಮಲಗಿದ್ದವರ ಹಾಸಿಗೆಯೆಂದರೆ ಸೊಂಟ ಬೇಗ ಹಿಡಿದುಕೊಳ್ಳುತ್ತದೆ.

ಜಿಲ್ಲಾ ಕಚೇರಿಗೆ ಫೋನ್ ಮಾಡಿದಾಗ ಗುಮಾಸ್ತರೊಬ್ಬರು ದಾರಿ ತೋರಿಸಿದರು. "ಚೂರು ಚೂರು ಕತ್ತರಿಸಿ ಬಕೆಟ್ಟಿಗೆ ಹಾಕಿ ಸಾರ್, ಆಗ ತಾನಾಗೇ ನಗರಸಭೆ ಕಸ ಆಗುತ್ತೆ." ನನ್ನ ಹೆಂಡತಿ ಬಟ್ಟೆ ಹೊಲಿಯುತ್ತಿದ್ದವಳು. ಅವಳ ದೊಡ್ಡ ಕತ್ತರಿಯನ್ನೇ ತಂದೆ. ಹಾಸಿಗೆಯ ಎಡಮಗ್ಗುಲಲ್ಲಿ ಅವಳ ಮೈಯ ತಗ್ಗು ಇನ್ನೂ ಹಾಗೇ ಇದೆ. ಎಲ್ಲಿಂದ ಕತ್ತರಿಸಲು ಶುರು ಮಾಡಬೇಕೆಂದು ನಿಯಮದಲ್ಲಿ ಬರೆದಿದ್ದೀರಾ? ಕತ್ತರಿಯನ್ನು ಮತ್ತೆ ಅವಳ ಡಬ್ಬಿಯಲ್ಲೇ ಇಟ್ಟೆ.

ಇವತ್ತಿನ ನೋಟಿಸಿನಲ್ಲಿ, ದಾರಿಯಲ್ಲಿ ಕಸ ಇಟ್ಟಿದ್ದೇನೆ, ನಾಳೆಯೊಳಗೆ ತೆಗೆಯಬೇಕು ಎಂದಿದೆ. ಕೆಳಗೆ ನಿಮ್ಮಿಬ್ಬರ ಸಹಿಯೂ ಅಕ್ಕಪಕ್ಕದಲ್ಲಿದೆ. ಸಂತೋಷ. ಕೂಡಿ ಕೆಲಸ ಮಾಡಲು ನಿಮಗೆ ಬರುತ್ತದೆ ಎಂದಾಯಿತು.

ನನ್ನ ಬೇಡಿಕೆ ದೊಡ್ಡದಲ್ಲ. ಬಾಗಿಲಿನಿಂದ ಸರ್ಕಲ್ಲಿನವರೆಗಿನ ಆ ಮುನ್ನೂರ ಹತ್ತು ಹೆಜ್ಜೆ ಯಾರ ಪಾಲಿನದು ಎಂದು ತೀರ್ಮಾನಿಸಿ, ಬರೆದು ಹಾಕಿ. ಒಬ್ಬರೇ ಇರುವವರು ಈ ಓಣಿಯಲ್ಲಿ ಇನ್ನೂ ಇದ್ದಾರೆ. ಅಲ್ಲಿಯವರೆಗೆ, ಎರಡು ಕಚೇರಿಗಳಲ್ಲಿ ಯಾವುದಾದರೂ ಸರಿ, ಒಬ್ಬರನ್ನು ಕಳುಹಿಸಿ. ತಲೆಯ ಕಡೆ ಹಿಡಿದರೆ ಸಾಕು.

ನಾಳೆ ಗುರುವಾರ. ಜಿಲ್ಲೆಯ ಲಾರಿ ಬೆಳಿಗ್ಗೆ ಏಳು ಗಂಟೆಗೆ ಸರ್ಕಲ್ಲಿಗೆ ಬರುತ್ತದೆ.

ಇಂತಿ,
ಕಾಲಿನ ಕಡೆ ಹಿಡಿದು ನಿಂತವನು