ಖಾಲಿ ಸೂಜಿ

ಬ್ರಿಡ್‌ಪೋರ್ಟ್
೨೪ ಮೇ ೧೮೪೩

ಅಣ್ಣ ಆ್ಯಂಬ್ರೋಸ್‌ಗೆ,

ನೀನು ನನ್ನ ರಾಗವನ್ನು ಕದ್ದು ನಿನ್ನ ಹೆಸರಿನಲ್ಲಿ ಅಚ್ಚು ಹಾಕಿಸಿದ್ದೀಯ. ಕ್ಷೇಮ ಸಮಾಚಾರಕ್ಕೆ ಮೊದಲು ಇದನ್ನೇ ಬರೆಯಬೇಕೆನಿಸಿತು. ನಿನ್ನ ಎರಡು ಪತ್ರಗಳಿಗೆ ಉತ್ತರ ಬರೆಯದಿದ್ದುದಕ್ಕೆ ಕ್ಷಮಿಸು. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ.

ಆ ಹಾಳೆ ತಂದುಕೊಟ್ಟವಳು ಪಕ್ಕದ ಮನೆಯ ಜೆಮೈಮಾ. ನಾನು ಬಾಗಿಲಲ್ಲಿ ಕೂತು ಮೀನುಬಲೆ ಹೆಣೆಯುತ್ತಿದ್ದೆ. "ನೋಡೇ ಕೆಜಾಯಾ, ನಿಮ್ಮಣ್ಣ ಅಚ್ಚಾಗ್ಬಿಟ್ಟ. ನೀನಿನ್ನೂ ಗಂಟು ಹಾಕ್ತಾನೇ ಇದೀಯ," ಎಂದಳು. 'ಆ್ಯಂಬ್ರೋಸನ ಬಿಡುವು, ಪಿಟೀಲಿಗೆ ಹೊಸ ಕುಣಿತದ ರಾಗ' ಎಂದು ಮೇಲೆ ದಪ್ಪಕ್ಷರ. ಕೆಳಗೆ ಅದು ಹುಟ್ಟಿದ ಕಥೆ: ಡಾರ್ಚೆಸ್ಟರ್ ರಸ್ತೆಯಲ್ಲಿ ಕುಂಟು ಕುದುರೆಯೊಂದರ ಹೆಜ್ಜೆ ಕೇಳಿ ನಿನಗೆ ಹೊಳೆಯಿತಂತೆ.

ಕುದುರೆಯೇ ಅಣ್ಣಾ?

ಗಂಟಿಗೊಂದು ಸ್ವರ ಗುನುಗುತ್ತಿದ್ದವಳು ನಾನು. ಎರಡನೇ ಭಾಗ ಮುಗಿಯುವಷ್ಟರಲ್ಲಿ ನನ್ನ ಮರದ ಸೂಜಿಗೆ ಸುತ್ತಿದ ದಾರವೂ ಮುಗಿಯುತ್ತಿತ್ತು. ಅದನ್ನು ಕೆಳಗಿಟ್ಟು, ದಾರ ತುಂಬಿದ ಇನ್ನೊಂದನ್ನು ಎತ್ತಿಕೊಳ್ಳುವವರೆಗೆ ಎರಡು ತಾಳ ಮೌನ. ನೀನು ಒಲೆಯ ಪಕ್ಕ ಕಾಲು ಚಾಚಿ ಕೂತು, ಆ ಮೌನವನ್ನೂ ಬಿಡದೆ ಪಿಟೀಲಿಗೆ ಇಳಿಸಿಕೊಂಡೆ. ಈಗ ಊರೆಲ್ಲ ಆ ಎರಡು ತಾಳಕ್ಕೆ ಚಪ್ಪಾಳೆ ತಟ್ಟಿ ಕುಣಿಯುತ್ತದೆ. ಆ ಬಿಡುವನ್ನು ನಾವಿಬ್ಬರೂ 'ಖಾಲಿ ಸೂಜಿ' ಎನ್ನುತ್ತಿದ್ದೆವು, ಮರೆತೆಯಾ?

ನೀನೇನು ಹೇಳುತ್ತೀಯೆಂದು ಗೊತ್ತು. ಊರ ಹುಲ್ಲುಗಾವಲಿನ ಹಾಗೆ ರಾಗವೂ ಎಲ್ಲರದು, ಅದಕ್ಕೆ ಬೇಲಿ ಹಾಕಬಾರದು ಎಂದು ಕರಪತ್ರ ಹಿಡಿದು ವಾದಿಸಿದವಳು ನಾನೇ. ಈಗಲೂ ಹಾಗೇ ನಂಬುತ್ತೇನೆ. ನಿನ್ನ ಹೆಸರಿನ ಬೇಲಿ ಹಾಕಿದವನು ನೀನು.

ಏಳನೇ ವಯಸ್ಸಿಗೆ ಅಪ್ಪ ನಿನ್ನ ಕೈಗೆ ಪಿಟೀಲು ಕೊಟ್ಟ, ನನ್ನ ಕೈಗೆ ಸೂಜಿ. ಚಳಿಗೆ ನಿನ್ನ ಬೆರಳು ಒಡೆಯಬಾರದೆಂದು ಹಂದಿಕೊಬ್ಬು ಹಚ್ಚುತ್ತಿದ್ದ. ನನ್ನ ಬೆರಳು ದಾರಕ್ಕೆ ಸೀಳಿದರೆ, ಬಲೆಗೆ ರಕ್ತ ತಾಗದಂತೆ ನೋಡಿಕೋ ಎನ್ನುತ್ತಿದ್ದ.

ಹಂದಿ ಮರಿ ಹಾಕಿದೆ, ಎಲ್ಲ ಚೆನ್ನಾಗಿವೆ. ದೇವರು ನಿನ್ನ ಬೆರಳುಗಳನ್ನು ಕಾಪಾಡಲಿ, ಮನಸಾರೆ ಬರೆಯುತ್ತಿದ್ದೇನೆ. ಆ ರಾಗವನ್ನು ನಿನ್ನಷ್ಟು ಚೆನ್ನಾಗಿ ನುಡಿಸುವವರು ಬೇರೆ ಯಾರೂ ಇಲ್ಲ. ನನಗೆ ಸಹಿಸಲಾಗದ್ದು ಅದೇ.

ನಿನ್ನ ತಂಗಿ,
ಕೆಜಾಯಾ ಸ್ಯಾಮ್ವೇಸ್

ತಾ.ಕ. ಫೆಬ್ರವರಿಯಲ್ಲಿ ಅಪ್ಪ ತೀರಿಕೊಂಡ ದಿನದ ಒಂದು ಮಾತು ನಿನಗೆ ಹೇಳಿರಲಿಲ್ಲ. ಬೆಳಿಗ್ಗೆ ಆ ರಾಗ ಕೇಳಬೇಕೆಂದ. ನೀನಿರಲಿಲ್ಲ, ನಾನೇ ಗುನುಗಿದೆ. ನಾನು ನಿಲ್ಲಿಸಿದ ಕಡೆ ಮಂಚದ ಪಟ್ಟಿಯ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದ. "ಅಪ್ಪಾ, ಇದು ನಂದು. ನಾನೇ ಕಟ್ಟಿದ್ದು," ಎಂದೆ.

"ಇರ್ಲಿ ಮಗಾ. ಅಣ್ಣನ್ನ ಕಂಡು ಹೊಟ್ಟೆ ಉರ್ಕೋಬೇಡ," ಎಂದ. ಅದೇ ಅವನ ಕೊನೆಯ ಮಾತು.

ನನಗೆ ಹೊಟ್ಟೆಯುರಿ ಇದ್ದದ್ದು ನಿಜ. ರಾಗ ನನ್ನದೆಂಬುದೂ ನಿಜ. ಎರಡನೆಯದನ್ನು ನಂಬದೆಯೇ ಅಪ್ಪ ಹೋಗಿಬಿಟ್ಟ. ಅಪ್ಪನಿಗೆ ನಾನು ಹೇಳಿದ್ದಾಯಿತು, ಈಗ ನೀನು ಹೇಳು. ಹಬ್ಬದ ಕುಣಿತಕ್ಕೆ ನುಡಿಸಲು ಊರಿಗೆ ಬರುತ್ತೀಯಲ್ಲ, ಪಿಟೀಲು ಹೊರತೆಗೆಯುವ ಮೊದಲು ಅಪ್ಪನ ಸಮಾಧಿಯ ಹತ್ತಿರ ಬಾ. ಜೂನ್ ಐದು, ಸೋಮವಾರ, ಮಧ್ಯಾಹ್ನ ಮೂರು ಗಂಟೆಗೆ.